ಮಕ್ಕಳ ಜೊತೆ ಕೊಕ್ಕರೆ ಬೆಳ್ಳೂರಿಗೆ ಹೋಗೋ ಪ್ಲಾನ್ ಇದ್ರೆ ಇದನ್ನ ಓದಿ

ಮಕ್ಕಳಿಗೆ ಹಕ್ಕಿ ತೋರಿಸ್ಬೇಕು ಅಂದ್ರೆ ಎಲ್ರೂ ಮೊದ್ಲು ಹೇಳೋದು ರಂಗನತಿಟ್ಟು, ಅದೂ ಚೆನ್ನಾಗೇ ಇದೆ, ಆದ್ರೆ ಬೋಟಲ್ಲಿ ಒಂದು ರೌಂಡ್ ಹೊಡೆಯೋಷ್ಟರಲ್ಲಿ ಮುಗ್ದೋಗತ್ತೆ. ಇಡೀ ದಿನ ಕೂತು ನೋಡಿ ಕಲೀಲಿ ಅಂದ್ರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರ್ಕೊಂಡು ಹೋಗಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡೂ ಊರೊಳಗೆ ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ತವೆ.

ಫೆಬ್ರವರಿ, ಮಾರ್ಚ್ ಒಳ್ಳೇ ಟೈಮು, ಮರಿಗಳು ಸಿಗ್ತವೆ. ಬೆಂಗಳೂರಿಂದ ಸುಮಾರು 80 ಕಿ.ಮೀ., ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ರ ಎಡಕ್ಕೆ ತಿರುಗ್ಬೇಕು, ಎಕ್ಸ್‌ಪ್ರೆಸ್‌ವೇಲಿ ಸುಮ್ನೆ ಹೋಗ್ತಾ ಇದ್ರೆ ತಿರುವು ತಪ್ಪತ್ತೆ, ಮೊದ್ಲೇ ಹಳೇ ರೋಡಿಗೆ ಇಳ್ಕೊಳ್ಳಿ. ಬಿಸಿಲೇರೋಕೆ ಮುಂಚೆ ಊರು ಸೇರಿ.

ಊರೆಲ್ಲಾ ಓಡಾಡಿಸ್ಬೇಡಿ. ಒಂದೇ ಮರ, ಅದರಲ್ಲೂ ಒಂದೇ ಗೂಡು ಆರಿಸ್ಕೊಂಡು ಮಕ್ಕಳಿಗೆ ಪುಸ್ತಕ, ಪೆನ್ಸಿಲ್ ಕೊಟ್ಬಿಡಿ. ನಮ್ಮ ಜೊತೆ ಬಂದಿದ್ದ ಮಕ್ಕಳು ಮೊದ್ಲು ಬೋರು ಬೋರು ಅಂತಿದ್ರು, ಆಮೇಲೆ ಅಮ್ಮ ಹೆಜ್ಜಾರ್ಲೆ ಬಂದು ಬಾಯಿ ತೆಗೆದಾಗ ಮರಿ ಅದರ ಗಂಟಲ ಚೀಲದೊಳಗೆ ತಲೆನೇ ತೂರಿಸಿ ಮೀನು ತಿಂದಿದ್ದು ನೋಡಿದ ಮೇಲೆ ಬೈನಾಕ್ಯುಲರಿಗೆ ಜಗಳ ಶುರು! ಗಲಾಟೆ ಮಾಡ್ತಿರೋದು ಯಾರು ಅಂತ ಕೇಳಿ, ಕಿರುಚೋದೆಲ್ಲ ಮರಿಗಳೇ, ದೊಡ್ಡವು ಹೆಚ್ಚುಕಮ್ಮಿ ಮೌನ, ಇದನ್ನ ಮಕ್ಕಳೇ ಕಂಡುಹಿಡೀತಾರೆ. ಈ ಮೀನು ಎಲ್ಲಿಂದ ತಂತು ಅಂತ ಕೇಳಿದ್ರೆ ಮಾತು ಸುತ್ತಮುತ್ತಲ ಕೆರೆಗಳು, ಶಿಂಷಾ ನದಿ ಕಡೆ ತಾನಾಗೇ ಹೋಗತ್ತೆ.

ಊರಿನ ಹಿರಿಯರನ್ನ ಖಂಡಿತ ಮಾತಾಡ್ಸಿ. ಗೂಡು ಇರೋವಾಗ್ಲೇ ಹುಣಸೆಕಾಯಿ ಹಣ್ಣಾಗೋದು, ಆದ್ರೂ ಹಕ್ಕಿಗೆ ತೊಂದ್ರೆ ಆಗತ್ತೆ ಅಂತ ಫಸಲು ಬಿಟ್ಟುಕೊಟ್ಟೋರು ಇವ್ರು, ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಒಂದಷ್ಟು ಪರಿಹಾರ ಕೊಡತ್ತೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿದ ಊರಿನೋರ ಗುಂಪು ಹೆಜ್ಜಾರ್ಲೆ ಬಳಗದ ಕೆಲಸಾನೂ ಕೇಳಿ ತಿಳ್ಕೊಳ್ಳಿ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶ ಆಯ್ತು, ಆದ್ರೆ ಕಾಪಾಡ್ತಾ ಬಂದಿರೋದು ಅದಕ್ಕೂ ಎಷ್ಟೋ ಮುಂಚಿಂದ. ನನಗಂತೂ ಮಕ್ಕಳು ಕೇಳ್ಲೇಬೇಕಾದ ಪಾಠ ಇದೇ ಅನ್ಸತ್ತೆ.

ಟೋಪಿ ಕಡ್ಡಾಯ, ಮರದ ಕೆಳಗೆ ನಿಂತ್ರೆ ಮೇಲಿಂದ ಹಿಕ್ಕೆ ಬೀಳೋದು ಗ್ಯಾರಂಟಿ. ನೀರು, ಊಟ ಮನೆಯಿಂದ್ಲೇ ತಗೊಳ್ಳಿ, ಕಸ ವಾಪಸ್ ತನ್ನಿ. ಯಾರ ಹಿತ್ತಲಿಗಾದ್ರೂ ಹೋಗೋಕೆ ಮುಂಚೆ ಕೇಳಿ. ಡ್ರೋನ್, ಸ್ಪೀಕರ್ ಬೇಡ್ವೇ ಬೇಡ, ಹೆದರಿ ದೊಡ್ಡ ಹಕ್ಕಿ ಎದ್ರೆ ಮರಿ ಬಿಸಿಲಿಗೆ ಒಣಗತ್ತೆ. ಶಿಂಷಾ ಹತ್ರ ಹೋದ್ರೂ ಮಕ್ಕಳನ್ನ ನೀರಿಗೆ ಇಳಿಸ್ಬೇಡಿ.