ಆಟಿಯ ಮಳೆಯಲ್ಲಿ ಸೆವೆನ್ಸ್ ತಯಾರಿ

ಕಾಸರಗೋಡಿನ ಬದಿಯಡ್ಕದ ಕಡೆ, ತುಳುವರ ಮಳೆಗಾಲದ ತಿಂಗಳಾದ ಆಟಿಯ ಒಂದು ಶನಿವಾರ. ಮೈದಾನವೆಲ್ಲ ಕೆಸರು, ಚೆಂಡು ಬಿದ್ದಲ್ಲೇ ಕೂರುತ್ತದೆ. ಹದಿನಾಲ್ಕು, ಹದಿನೈದರ ಹುಡುಗರು ಶಾಲೆಯ ಜಗಲಿಯಲ್ಲಿ ಸಾಲುಗಟ್ಟಿದ್ದಾರೆ. ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲ್ ಟೂರ್ನಿಗಳು ಶುರುವಾಗುವುದು ಮಳೆ ಬಿಟ್ಟು ನೆಲ ಒಣಗಿದ ಮೇಲೆ. ಆದರೆ ಅದಕ್ಕೆ ಬೇಕಾದ ಕಾಲು ಗಟ್ಟಿಯಾಗಬೇಕಾದದ್ದು ಈಗಲೇ. ಕಾಸರಗೋಡಿನಲ್ಲಿ ಡಿಸೆಂಬರ್ ಬಂದ ಮೇಲೆ ಜಿಮ್ಮಿಗೆ ಓಡುವವರಿಗೇನೂ ಕಡಿಮೆಯಿಲ್ಲ. ಪಂದ್ಯಗಳ ನಡುವೆ ಹೊಸದಾಗಿ ಸ್ಕ್ವಾಟ್ (ಕುಕ್ಕರಗಾಲಿಗೆ ಇಳಿದು ಏಳುವುದು) ಹಿಡಿದರೆ ಮೈಕೈ ನೋವು ಆರುವ ಮೊದಲೇ ಮುಂದಿನ ಆಟ ಬಂದಿರುತ್ತದೆ.

ಜುಲೈ, ಆಗಸ್ಟ್ ಬುನಾದಿಯ ಕಾಲ. ವಾರಕ್ಕೆ ಎರಡು ದಿನ, ನಡುವೆ 48 ಗಂಟೆ ಬಿಡುವು. ಸ್ಕ್ವಾಟ್, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು), ಪುಶ್‌ಅಪ್ ಎರಡು ಮೂರು ಸೆಟ್, ಸೆಟ್ಟಿಗೆ 10–12 ಸಲ. ಬಾರ್ಬೆಲ್ ಬೇಕಿಲ್ಲ, ಅಕ್ಕಿಚೀಲದಲ್ಲಿ 10 ಕಿಲೋ ಮರಳು ಸಾಕು. ಅದನ್ನು ಎದೆಗವಚಿ ಹಿಡಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸೆಪ್ಟೆಂಬರಿನಿಂದ ಭಾರ ಏರಿಸಿ 5–6 ಸಲಕ್ಕೆ ಇಳಿಸುವುದು, ಸೆಟ್ಟಿನ ನಡುವೆ ಎರಡು ನಿಮಿಷ. ನವೆಂಬರಿನಲ್ಲಿ ಜಿಗಿತ, 10–20 ಮೀಟರಿನ ಪೂರ್ತಿ ವೇಗದ ಓಟ. ಪ್ರತಿ ನಾಲ್ಕನೇ ವಾರ ಭಾರ ಅಷ್ಟೇ ಇಟ್ಟು ಸೆಟ್ ಅರ್ಧ ಮಾಡಬೇಕು. ಹುಡುಗರಿಗೆ ಇದು ಸೋಮಾರಿತನದಂತೆ ಕಾಣುತ್ತದೆ, ದೇಹ ಚಿಗುರುವುದು ಆ ವಾರದಲ್ಲೇ.

ಆ ದಿನ ಹೆಚ್ಚು ಹೊತ್ತು ಹಿಡಿದದ್ದು ತೊಡೆಯ ಹಿಂಭಾಗವನ್ನು ಗಟ್ಟಿ ಮಾಡುವ ನಾರ್ಡಿಕ್. ಗಾಯ ತಡೆಯಲೆಂದು ಫಿಫಾ ರೂಪಿಸಿದ 11+ ವಾರ್ಮ್‌ಅಪ್‌ನಲ್ಲೂ ಇರುವ ವ್ಯಾಯಾಮ: ಮಂಡಿಯೂರಬೇಕು, ಜೊತೆಗಾರ ಹಿಂದಿನಿಂದ ಪಾದದ ಗಂಟನ್ನು ಒತ್ತಿ ಹಿಡಿಯಬೇಕು, ಮಂಡಿಯಿಂದ ತಲೆಯವರೆಗೆ ಒಂದೇ ಗೆರೆಯಲ್ಲಿ ನಿಧಾನಕ್ಕೆ ಮುಂದಕ್ಕೆ ವಾಲಬೇಕು. ತಡೆಯಲಾಗದಾದಾಗ ಅಂಗೈ ಊರಬೇಕು. ಎಲ್ಲರೂ ಕಳ್ಳತನ ಮಾಡುವುದು ಸೊಂಟದಲ್ಲಿ. ಸೊಂಟ ಮಡಚಿದ ಕೂಡಲೇ ತೊಡೆಯ ಹಿಂಭಾಗದ ಕೆಲಸ ಹಗುರಾಗಿಬಿಡುತ್ತದೆ. ಮೊದಲ ವಾರ ಮೂರರಿಂದ ಐದು ಸಲ, ಒಂದೇ ಸೆಟ್. ಜಾಸ್ತಿ ಮಾಡಿಸಿದರೆ ಎರಡು ದಿನ ಮೆಟ್ಟಿಲು ಇಳಿಯುವುದೂ ಕಷ್ಟ. ಸಿಮೆಂಟು ನೆಲದ ಮೇಲೆ ಮಂಡಿಗೆ ಗೋಣಿ ಮಡಚಿ ಹಾಕಲೇಬೇಕು.

ಒಬ್ಬ ಗೋಣಿಯ ಮೇಲೂ ಮಂಡಿಯೂರಲಾಗದೆ ಎದ್ದುಬಿಟ್ಟ. ಮಂಡಿಚಿಪ್ಪಿನ ಕೆಳಗಿನ ಎಲುಬಿನ ಉಬ್ಬು ಮುಟ್ಟಿದರೆ ನೋವು. ಆಸ್‌ಗುಡ್-ಶ್ಲಾಟರ್ ಎನ್ನುವ ಈ ತೊಂದರೆ ಸರಸರನೆ ಎತ್ತರ ಬೆಳೆಯುವ ವಯಸ್ಸಿನದ್ದು. ಎಲುಬಿನ ಆ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ, ತೊಡೆಯ ಸ್ನಾಯು ಅದನ್ನು ಪದೇಪದೇ ಎಳೆಯುತ್ತದೆ. ಅವನಿಗೆ ನಾರ್ಡಿಕ್ ಬಿಡಿಸಿ, ಅಂಗಾತ ಮಲಗಿ ಸೊಂಟ ಎತ್ತುವ ಬ್ರಿಡ್ಜ್. ನೋವು ಇಳಿಯುವವರೆಗೆ ಜಿಗಿತ, ಸ್ಪ್ರಿಂಟ್ ಕಡಿಮೆ. ನೋವು ಹಟ ಹಿಡಿದರೆ ಡಾಕ್ಟರರ ಬಳಿ. ಮೂರು ತಿಂಗಳಿಗೊಮ್ಮೆ ಗೋಡೆಯ ಮೇಲೆ ಎತ್ತರ ಗುರುತಿಸಿದರೆ ಯಾರು ದಿಢೀರನೆ ಬೆಳೆಯುತ್ತಿದ್ದಾರೆಂದು ಮೊದಲೇ ತಿಳಿಯುತ್ತದೆ. ವಯಸ್ಸು ಒಂದೇ ಎಂದು ಎಲ್ಲರಿಗೂ ಒಂದೇ ಭಾರ ಕೊಡುವುದು ತಪ್ಪು.

ಸೀಸನ್ ಶುರುವಾದ ಮೇಲೆ ವಾರಕ್ಕೊಂದು ದಿನ, ಎರಡೇ ಸೆಟ್, ಅದೂ ಪಂದ್ಯಕ್ಕೆ ಎರಡು ದಿನ ಮೊದಲು. ಶ್ರಮದ ಲೆಕ್ಕಕ್ಕೆ ನೋಟ್‌ಬುಕ್ ಸಾಕು: ಎಷ್ಟು ಕಷ್ಟವಾಯಿತೆಂದು ಹತ್ತರಲ್ಲಿ ಅಂಕ ಕೇಳಿ ನಿಮಿಷಗಳಿಂದ ಗುಣಿಸುವುದು. 60 ನಿಮಿಷಕ್ಕೆ 6 ಅಂದರೆ 360. ಶಾಲಾ ತಂಡಕ್ಕೂ ಊರಿನ ಕ್ಲಬ್ಬಿಗೂ ಆಡುವವನಿಗೆ ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು, ರಾತ್ರಿ ಫ್ಲಡ್‌ಲೈಟಿನಡಿ ಆಡಿದ್ದನ್ನೂ ಸೇರಿಸಿ.