ಸೊಂಟದೊಳಗೊಂದು ಬೇರಿಂಗ್

31 ವರ್ಷ ಬೇರಿಂಗ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಸವೆದವನಿಗೆ 62ನೆಯ ವಯಸ್ಸಿನಲ್ಲಿ ಸ್ವಂತಕ್ಕೊಂದು ಬೇರಿಂಗ್ ಹಾಕಿಸಿಕೊಳ್ಳುವ ಯೋಗ ಬಂತು. ಎಡ ಸೊಂಟದ ಕೀಲು ಬದಲಿಸಬೇಕಿತ್ತು. ಎಕ್ಸ್-ರೇಯಲ್ಲಿ ತೊಡೆಮೂಳೆಯ ತಲೆ ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿತ್ತು. ಮೂಳೆಗೂ ಮೂಳೆಗೂ ನಡುವೆ ಇರಬೇಕಾದ ಸಂದೇ ಇರಲಿಲ್ಲ. ನಮ್ಮಲ್ಲಿ ಅಂಥದ್ದು ಬಂದಿದ್ದರೆ ಕೆಂಪು ಡಬ್ಬಿಗೆ ಎಸೆಯುತ್ತಿದ್ದೆವು.

ವೈದ್ಯೆ ಮೇಜಿನ ಮೇಲೆ ಕೃತಕ ಕೀಲಿನ ಮಾದರಿಯನ್ನಿಟ್ಟರು. ತೊಡೆಮೂಳೆಯೊಳಗೆ ಇಳಿಯುವ ಕಾಂಡ, ಅದರ ತುದಿಗೊಂದು ಚೆಂಡು, ಚೆಂಡು ಕೂರಲು ಪ್ಲಾಸ್ಟಿಕ್ ಒಳಪದರದ ಬಟ್ಟಲು. ನಾನು ಚೆಂಡನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದೆ. ಹಳೆಯ ಚಟ.

“ವ್ಯಾಸ ಎಷ್ಟು?”

“32 ಮಿಲಿಮೀಟರ್. ಎಲ್ಲರೂ ನೋವು ಎಷ್ಟು ದಿನ ಇರುತ್ತದೆ ಎಂದು ಕೇಳುತ್ತಾರೆ ಸರ್, ನೀವು ವ್ಯಾಸ ಕೇಳುತ್ತಿದ್ದೀರಿ” ಎಂದು ನಕ್ಕರು.

ನೋವಿನ ವಿಷಯ ಬೇರೆಯವರು ಬರೆದಿದ್ದಾರೆ, ಬಿಡಿ. ವಾಕರ್ ಹಿಡಿದು ಮನೆಯೊಳಗೆ ಸುತ್ತುತ್ತಿದ್ದ ಆರು ವಾರ ನಾನು ಓದಿದ್ದೆಲ್ಲ ಸವೆತದ ಬಗ್ಗೆ.

ಈ ಕಥೆಯ ದೊಡ್ಡ ಹೆಸರು ಜಾನ್ ಚಾರ್ನ್‌ಲಿ, ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕ. ಮೊದಲು ಆತ ಬಟ್ಟಲಿಗೆ ಆರಿಸಿಕೊಂಡದ್ದು ಟೆಫ್ಲಾನ್. ಜಾರಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಜಾರುವ ವಸ್ತು ಸವೆಯುವುದಿಲ್ಲ ಎಂದು ಯಾರು ಹೇಳಿದರು? ಎರಡು ಮೂರು ವರ್ಷಗಳಲ್ಲಿ ಬಟ್ಟಲುಗಳು ತೂತು ಬೀಳುವಷ್ಟು ಸವೆದವು, ಉದುರಿದ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿತು. ಪುಡಿಯದ್ದೇ ತಪ್ಪೋ ಎಂದು ತಿಳಿಯಲು ಚಾರ್ನ್‌ಲಿ ಅದನ್ನು ತನ್ನ ತೊಡೆಯೊಳಗೇ ಹಾಕಿಸಿಕೊಂಡು ಪರೀಕ್ಷಿಸಿದ.

ನನ್ನ ಮೆಚ್ಚುಗೆ ಮಾತ್ರ ಅವನ ಕಾರ್ಯಾಗಾರದ ತಂತ್ರಜ್ಞ ಹ್ಯಾರಿ ಕ್ರೇವನ್‌ಗೆ. 1962ರ ಮೇ ತಿಂಗಳಲ್ಲಿ ಮಗ್ಗಗಳಿಗೆ ಪ್ಲಾಸ್ಟಿಕ್ ಗಿಯರ್ ಮಾರುವ ಒಬ್ಬ ವ್ಯಾಪಾರಿ ಪಾಲಿಎಥಿಲೀನ್ ತುಂಡೊಂದನ್ನು ತಂದು ಕೊಟ್ಟ. ಚಾರ್ನ್‌ಲಿ ಅದಕ್ಕೆ ಉಗುರು ಒತ್ತಿ ನೋಡಿ, ಇದರಿಂದ ಆಗುವುದಿಲ್ಲ ಎಂದು ಹೊರಟುಬಿಟ್ಟ. ಆತ ಊರಲ್ಲಿಲ್ಲದಾಗ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಕಟ್ಟಿದ. ಮೂರು ವಾರ ಹಗಲೂ ರಾತ್ರಿ ಓಡಿಸಿದರೂ ಅದು ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುತ್ತಿದ್ದಷ್ಟೂ ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಆ ಪ್ಲಾಸ್ಟಿಕ್ ರೋಗಿಗಳ ಸೊಂಟ ಸೇರಿತು. ಸಾಹೇಬರು ಬೇಡವೆಂದದ್ದನ್ನು ಯಂತ್ರಕ್ಕೆ ಕಟ್ಟಿ ನೋಡುವವನೊಬ್ಬ ಪ್ರತಿ ಕಾರ್ಖಾನೆಯಲ್ಲೂ ಇರಬೇಕು. ನಮ್ಮಲ್ಲೂ ಒಬ್ಬನಿದ್ದ, ಅವನಿಗೆ ಬಡ್ತಿ ಸಿಗಲಿಲ್ಲ.

ಪಾಲಿಎಥಿಲೀನ್ ಕೂಡ ಪುಡಿಯಾಗುತ್ತದೆ, ನಿಧಾನವಾಗಿ. ಆ ಪುಡಿಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಚಿಕ್ಕವು. ದೇಹದ ಕಾವಲು ಕೋಶಗಳು ಅವನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಆ ಅಜೀರ್ಣದಲ್ಲಿ ಅವು ಹೊರಬಿಡುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಹೀಗೆ ಕೀಲಿನ ಸುತ್ತ ಮೂಳೆ ಸದ್ದಿಲ್ಲದೆ ಟೊಳ್ಳಾಗುತ್ತದೆ. ಎಷ್ಟೋ ಬಾರಿ ಕಾಂಡವೋ ಬಟ್ಟಲೋ ಸಡಿಲವಾಗುವವರೆಗೆ ನೋವೇ ಇರುವುದಿಲ್ಲ. ನಮ್ಮ ಬೇರಿಂಗ್‌ಗಳು ಕೆಡುವ ಮುಂಚೆ ಕನಿಷ್ಠ ಕಿರುಚುತ್ತಿದ್ದವು.

ಇದಕ್ಕೆ ಮದ್ದೆಂದು ಲೋಹದ ಚೆಂಡಿಗೆ ಲೋಹದ್ದೇ ಬಟ್ಟಲು ಬಂತು. ದೊಡ್ಡ ಚೆಂಡು, ಕೂದಲೆಳೆಯ ಸಂದು, ನಡುವೆ ದ್ರವದ ಪೊರೆ: ಕಾಗದದ ಮೇಲೆ ನನ್ನಂಥವನಿಗೆ ಬಾಯಲ್ಲಿ ನೀರೂರಿಸುವ ವಿನ್ಯಾಸ. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲು ಆ ಜಾತಿಯದು. ಅದರ ಬಟ್ಟಲಿನ ಆಳ ಅರ್ಧಗೋಲಕ್ಕಿಂತ ಕಡಿಮೆ. ಕೂರಿಸುವಾಗ ತುಸು ಕಡಿದಾಗಿ ಓರೆಯಾದರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು, ಪೊರೆ ಹರಿದು, ಸವೆದ ಲೋಹದ ಕೋಬಾಲ್ಟ್ ಮತ್ತು ಕ್ರೋಮಿಯಂ ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಸೇರುತ್ತಿತ್ತು. ಇದನ್ನು ಬಯಲಿಗೆಳೆದದ್ದು ಕೀಲುಗಳ ಲೆಕ್ಕ ಬರೆದಿಟ್ಟ ದೇಶಗಳು. ಸ್ವೀಡನ್ನಿನಲ್ಲಿ 1979ರಿಂದಲೇ ಅಂಥ ದಾಖಲೆಯಿತ್ತು. ಎಎಸ್‌ಆರ್ ವಿಷಯದಲ್ಲಿ ಗಂಟೆ ಬಾರಿಸಿದ್ದು ಆಸ್ಟ್ರೇಲಿಯಾ ಹಾಗೂ ಇಂಗ್ಲೆಂಡಿನ ದಾಖಲೆಗಳು. ಐದು ವರ್ಷದೊಳಗೆ ನೂರಕ್ಕೆ 12-13 ಮಂದಿಗೆ ಮರುಶಸ್ತ್ರಚಿಕಿತ್ಸೆ! 2010ರ ಆಗಸ್ಟಿನಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂಪಡೆದರು. ಪ್ರಯೋಗಾಲಯದ ಯಂತ್ರ ಬಟ್ಟಲನ್ನು ಸರಿಯಾದ ಕೋನದಲ್ಲಿಟ್ಟು ನಡೆಸುತ್ತದೆ. ಮನುಷ್ಯ ಮೆಟ್ಟಿಲು ಹತ್ತುತ್ತಾನೆ, ಎಡವುತ್ತಾನೆ, ಬಗ್ಗುತ್ತಾನೆ.

ಬಗ್ಗುವ ವಿಷಯ ಬಂತು. ನನಗೆ ಹಿಂಭಾಗದಿಂದ ತೆರೆದು ಕೀಲು ಕೂರಿಸಿದ್ದರು. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಲಗುವಾಗ ಕಾಲುಗಳ ನಡುವೆ ದಿಂಬು. ಹತ್ತೊಂಬತ್ತನೆಯ ದಿನ ಕನ್ನಡಕದ ಪೆಟ್ಟಿಗೆ ಕುರ್ಚಿಯಡಿಗೆ ಬಿತ್ತು. ಕೈ ಚಾಚಿದೆ. ಮಂಡಿ ಒಳಕ್ಕೆ ತಿರುಗಿತು, ಒಳಗೆಲ್ಲೋ ‘ಟಕ್’ ಎಂದಿತು. “ರೀ!” ಎಂದು ನನ್ನಾಕೆ ಕೂಗಿದ ಕೂಗಿಗೇ ನಾನು ನೆಟ್ಟಗಾದೆ. ಕೀಲು ತಪ್ಪಿರಲಿಲ್ಲ, ಆದರೆ ಬೆವರು ಆರಲು ಕಾಲು ಗಂಟೆ ಬೇಕಾಯಿತು.

ಚೆಂಡಿನ ವ್ಯಾಸಕ್ಕೆ ಇರುವ ಬೆಲೆ ಆಗ ಮೈಗೇ ತಿಳಿಯಿತು. ಚಾರ್ನ್‌ಲಿಯ ಚೆಂಡು 22.225 ಮಿಲಿಮೀಟರ್, ಅಂದರೆ ಇಂಚಿನ ಎಂಟರಲ್ಲಿ ಏಳು ಭಾಗ. ಚಿಕ್ಕದಾದಷ್ಟೂ ಘರ್ಷಣೆಯ ತಿರುಚುಬಲ ಕಡಿಮೆ, ಸವೆತವೂ ಕಡಿಮೆ. ಆದರೆ ಬಟ್ಟಲಿನಿಂದ ಆಚೆ ಜಿಗಿಯಲು ಚಿಕ್ಕ ಚೆಂಡಿಗೆ ಸ್ವಲ್ಪ ದೂರ ಸರಿದರೆ ಸಾಕು. ವಿಕಿರಣ ಹಾಯಿಸಿ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ ಹೊಸ ಪಾಲಿಎಥಿಲೀನ್ ತೀರಾ ಕಡಿಮೆ ಸವೆಯುವುದರಿಂದಲೇ ನನ್ನಂಥವರಿಗೆ 32ರ ಚೆಂಡು ಕೊಡುವ ಧೈರ್ಯ ಬಂದಿದೆ.

ಸೋಂಕಿನ ಭಯ ಬೇರೆಯದೇ ಜಾತಿ. ಬ್ಯಾಕ್ಟೀರಿಯಾಗಳು ಲೋಹಕ್ಕೆ ಪಾಚಿಯಂತೆ ಅಂಟಿಕೊಂಡರೆ ಔಷಧಕ್ಕೆ ಜಗ್ಗುವುದಿಲ್ಲ, ಎಷ್ಟೋ ಸಲ ಕೀಲನ್ನೇ ಕಿತ್ತು ತೆಗೆಯಬೇಕಾಗುತ್ತದೆ. ರಾತ್ರಿ ಹೊತ್ತು ಅದನ್ನು ಓದಬೇಡಿ.

2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ ನೂರರಲ್ಲಿ ಸುಮಾರು 58 ಸೊಂಟದ ಕೀಲುಗಳು 25 ವರ್ಷ ಬಾಳುತ್ತವೆ. ಆ ಲೆಕ್ಕ ಹಳೆಯ ಪ್ಲಾಸ್ಟಿಕ್ಕಿನದು ಎಂದು ನಾನು ವಾದಿಸಿದೆ. “25 ವರ್ಷ ಕಳೆದ ಮೇಲೆ ಹೇಳೋಣ ಸರ್” ಎಂದರು ವೈದ್ಯೆ.

ಒಂದು ವರ್ಷದ ತಪಾಸಣೆಗೆ ಹೋದಾಗ, ಬಟ್ಟಲು ಮತ್ತು ಚೆಂಡಿನ ಪೆಟ್ಟಿಗೆಗಳಿಂದ ಕಿತ್ತು ನನ್ನ ಕಡತಕ್ಕೆ ಅಂಟಿಸಿದ್ದ ಚೀಟಿಗಳ ನಕಲು ಕೇಳಿ ಪಡೆದೆ. ಬ್ಯಾಚ್ ಸಂಖ್ಯೆ ಅದರಲ್ಲಿದೆ. ಈಗ ಅದು ನನ್ನ ಹಳೆಯ ವರ್ನಿಯರ್ ಕ್ಯಾಲಿಪರ್‌ನ ಪೆಟ್ಟಿಗೆಯೊಳಗಿದೆ. ಮನೆಯವರಿಗೆಲ್ಲ ಜಾಗ ತೋರಿಸಿದ್ದೇನೆ.