‘ಒಳ್ಳೇ ಜೆಟ್ ಯಾವುದೋ ಅದನ್ನು ಕೊಂಡರೆ ಆಯ್ತಲ್ವಾ?’

ಯುದ್ಧವಿಮಾನಗಳ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಹಳೇ ಫೈಟರ್ ಜೆಟ್ ಬದಲಿಸೋಕೆ ದೇಶಗಳು ವರ್ಷಗಟ್ಟಲೆ ಯಾಕೆ ಎಳೆದಾಡುತ್ತವೆ? ಇರೋದರಲ್ಲಿ ಒಳ್ಳೆಯದನ್ನು ಕೊಂಡರೆ ಆಯ್ತಲ್ವಾ?

ಯಾರಿಗೆ ಒಳ್ಳೆಯದು? ನಾರ್ವೆಯನ್ನು ನೋಡಿ. ಅಮೆರಿಕದ ಎಫ್-35 ಯುದ್ಧವಿಮಾನ ಕೊಂಡಿತು. ಆದರೆ ಅಲ್ಲಿ ಚಳಿಗಾಲದಲ್ಲಿ ರನ್‌ವೇ ಮೇಲೆ ಹಿಮ ಗಟ್ಟಿಯಾಗುತ್ತದೆ, ಬ್ರೇಕ್ ಒತ್ತಿದರೂ ಟೈರಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ವಿಮಾನದ ಬೆನ್ನ ಮೇಲೆ, ಬಾಲದ ಎರಡು ರೆಕ್ಕೆಗಳ ನಡುವೆ ಒಂದು ಗೂಡು ಕೂರಿಸಿ ಪ್ಯಾರಾಚೂಟ್ ಮಡಚಿಟ್ಟರು. ನೆಲ ಮುಟ್ಟಿದ ಮೇಲೆ ಅದು ಹಿಂದೆ ಬಿಚ್ಚಿಕೊಂಡು ವಿಮಾನವನ್ನು ಜಗ್ಗಿ ಹಿಡಿಯುತ್ತದೆ.

ಕೆನಡಾದ್ದು ಇನ್ನೂ ದೊಡ್ಡ ಕತೆ. 1982ರಿಂದ ಹಾರುತ್ತಿರುವ ಸಿಎಫ್-18ಗಳ (ಅಮೆರಿಕದ ಎಫ್-18ರ ಕೆನಡಾ ರೂಪ) ಬದಲಿಗೆ 65 ಎಫ್-35 ಕೊಳ್ಳುತ್ತೇವೆ ಅಂತ 2010ರಲ್ಲಿ ಹೇಳಿತು. ಖರ್ಚಿನ ಲೆಕ್ಕದ ಮೇಲೆ ಗಲಾಟೆಯಾಯಿತು, ಸರ್ಕಾರ ಬದಲಾಯಿತು, ಎಲ್ಲ ಮತ್ತೆ ಮೊದಲಿಂದ. ನಡುವೆ ಆಸ್ಟ್ರೇಲಿಯಾದಿಂದ ಸೆಕೆಂಡ್ ಹ್ಯಾಂಡ್ ಎಫ್-18 ತಂದು ದಿನ ದೂಡಿತು. ಕೊನೆಗೆ 2023ರ ಜನವರಿಯಲ್ಲಿ 88 ಎಫ್-35ಗೆ ಒಪ್ಪಿತು. ಅಷ್ಟು ವರ್ಷ ಸುತ್ತಾಡಿ ಅದೇ ಅಂಗಡಿಗೆ!

ಅಷ್ಟಕ್ಕೇ ಮುಗಿಯಲಿಲ್ಲ. ಸಿಎಫ್-18 ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವಾಗ ಮೂಗಿನ ಪಕ್ಕದಿಂದ ಒಂದು ನಳಿಗೆ ಚಾಚಿ, ಟ್ಯಾಂಕರ್ ವಿಮಾನ ಇಳಿಬಿಟ್ಟ ಪೈಪಿನ ತುದಿಯ ಬುಟ್ಟಿಗೆ ತೂರಿಸುತ್ತದೆ. ಕೆನಡಾ ಕೊಳ್ಳುತ್ತಿರುವ ಎಫ್-35ಎ ಮಾದರಿ ಹಾಗಲ್ಲ. ಅದರ ಬೆನ್ನ ಮೇಲೆ ತೂತು. ಟ್ಯಾಂಕರ್‌ನವರೇ ಗಟ್ಟಿ ಕೊಳವೆ ಇಳಿಸಿ ಅದಕ್ಕೆ ಸಿಕ್ಕಿಸಬೇಕು. ಕೆನಡಾದ ಹಳೇ ಟ್ಯಾಂಕರ್‌ಗಳಲ್ಲಿ ಆ ಕೊಳವೆಯೇ ಇರಲಿಲ್ಲ. ಅಂದರೆ ಜೆಟ್ ಜೊತೆ ಟ್ಯಾಂಕರೂ ಹೊಸದು ಬೇಕು. ಟಿವಿಯ ‘ಯಾವುದು ಬೆಸ್ಟ್’ ಚರ್ಚೆಗಳಲ್ಲಿ ಇಂಥದ್ದು ಬರೋದೇ ಇಲ್ಲ.

ಸ್ವಿಟ್ಜರ್ಲೆಂಡಿನಲ್ಲಂತೂ ಜನರೇ ವೋಟು ಹಾಕುತ್ತಾರೆ. 2014ರಲ್ಲಿ ಸ್ವೀಡನ್ನಿನ 22 ಗ್ರಿಪೆನ್ ಯುದ್ಧವಿಮಾನ ಬೇಡ ಅಂದರು. 2020ರಲ್ಲಿ ಯಾವ ವಿಮಾನ ಅಂತ ಹೇಳದೆ 600 ಕೋಟಿ ಫ್ರಾಂಕ್ ಮಾತ್ರ ಕೇಳಿದಾಗ ಶೇ 50.1 ವೋಟಿನಿಂದ ಪಾಸಾಯಿತು. ಜಾಣ ಪ್ರಶ್ನೆ ಅಲ್ವಾ?

ನನಗೆ ಹಿಡಿಸಿದ್ದು ಫಿನ್ಲೆಂಡಿನ ದಾರಿ. 2020ರ ಚಳಿಗಾಲದಲ್ಲಿ ಮಾರಲು ಪೈಪೋಟಿಗಿಳಿದ ಐದೂ ಕಂಪನಿಗಳ ವಿಮಾನಗಳನ್ನು ತನ್ನ ನೆಲಕ್ಕೇ ಕರೆಸಿ ಹಾರಿಸಿ ನೋಡಿತು. ಇಡೀ ಆಯುಸ್ಸಿನ ಖರ್ಚೆಷ್ಟು, ಯುದ್ಧ ಬಂದರೆ ಬಿಡಿಭಾಗ ಸಿಗುತ್ತವಾ, ಸ್ವಂತ ಕಾರ್ಖಾನೆಗಳಿಗೆ ಕೆಲಸ ಸಿಗುತ್ತದಾ? ಇವಕ್ಕೆ ಅಂಕ ಇಲ್ಲ, ಪಾಸು ಇಲ್ಲವೇ ಫೇಲು. ಯಾವುದು ಜಾಸ್ತಿ ಚೆನ್ನಾಗಿ ಕಾದಾಡುತ್ತದೆ ಅನ್ನುವ ಹೋಲಿಕೆ ಇದರಲ್ಲಿ ಪಾಸಾದವರಿಗೆ ಮಾತ್ರ.